ಅಮಾವಾಸ್ಯೆ ಕಾಯಿಲೆ, ಹುಣ್ಣಿಮೆ ವಿಜ್ಞಾನ!

ತೀರ್ಥಹಳ್ಳಿ ಹತ್ತಿರದ ಹೋಂಸ್ಟೇ ಒಂದರಲ್ಲಿ ಇವತ್ತು ಮೈಂಡ್‌ಫುಲ್‌ನೆಸ್ ಅನ್ನೋ ಧ್ಯಾನದ ಶಿಬಿರ. ಅಕ್ಕನ ಮಗಳು ಎಳೆದುಕೊಂಡು ಹೋದಳು. ನನ್ನ ತಾಳ್ಮೆ ಎಷ್ಟು ಅಂತ ನಿಮಗೆಲ್ಲ ಗೊತ್ತೇ ಇದೆ.

ಉಸಿರು ಗಮನಿಸಿ ಅಂದರು. ಗಮನಿಸಿದೆ, ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ಅಡುಗೆಯ ಹೆಂಗಸು ಕಾಫಿ ಲೋಟ ಇಡುತ್ತಾ, "ಇವತ್ತು ಅಮಾಸೆ, ಚೌಡಿ ಬನದಲ್ಲಿ ಕಾಯಿ ಒಡೆದು ಬರ್ತೀನಿ, ಊಟ ಚೂರು ತಡ ಆಗ್ತದೆ" ಅಂದರು. ಅವರು ಅತ್ತ ಹೋದದ್ದೇ ತಡ, ನಮ್ಮ ಗುರುಗಳು ನಕ್ಕು, "ಇಂಥ ನಂಬಿಕೆಗಳೇ ಮನಸ್ಸಿನ ಕಾಯಿಲೆಗೆ ಮೂಲ" ಅಂದುಬಿಟ್ಟರು. ಅವರ ಕೈಯಲ್ಲಿ ಮಾತ್ರ ನೆಗೆಟಿವ್ ಎನರ್ಜಿ ಹೀರುವ ಕರಿಕಲ್ಲಿನ ಸರ! ಮೇಜಿನ ಮೇಲೆ ಇನ್ನಷ್ಟು ಸರ, ಮಾರಾಟಕ್ಕೆ. ಹೀರಿದ ಎನರ್ಜಿ ಎಲ್ಲಿಗೆ ಹೋಗುತ್ತೆ ಅಂತ ಕೇಳಿದೆ. ಹುಣ್ಣಿಮೆ ಬೆಳಕಲ್ಲಿಟ್ಟರೆ ಶುದ್ಧವಾಗುತ್ತಂತೆ.

ವಿಚಿತ್ರ ನಂಬಿಕೆ ಇರೋರೆಲ್ಲ ರೋಗಿಗಳಾದರೆ, "ಸಿಗಂದೂರು ಚೌಡೇಶ್ವರಿಯ ಕಾವಲಿದೆ" ಅಂತ ತೋಟಕ್ಕೆ ಬೋರ್ಡ್ ಹಾಕಿದವರನ್ನೆಲ್ಲ ಯಾವ ಆಸ್ಪತ್ರೆಗೆ ಸೇರಿಸೋದು?

1999ರಲ್ಲಿ ಎಮ್ಯಾನುಯೆಲ್ ಪೀಟರ್ಸ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು ಹರೇ ಕೃಷ್ಣ ಭಕ್ತರನ್ನೂ ಪ್ರಕೃತಿಯನ್ನು ಪೂಜಿಸುವ ಡ್ರೂಯಿಡ್ ಪಂಥದವರನ್ನೂ ಭ್ರಮೆಯ ಕಾಯಿಲೆಯಿಂದ ಆಸ್ಪತ್ರೆ ಸೇರಿದವರ ಜೊತೆ ಹೋಲಿಸಿ ನೋಡಿದ್ದರು. ಎಷ್ಟು ವಿಚಿತ್ರ ವಿಷಯ ನಂಬುತ್ತಾರೆ, ಎಷ್ಟು ಗಟ್ಟಿಯಾಗಿ ನಂಬುತ್ತಾರೆ ಅನ್ನೋದರಲ್ಲಿ ಈ ಭಕ್ತರನ್ನು ರೋಗಿಗಳಿಂದ ಬೇರೆ ಮಾಡಲು ಆಗಲಿಲ್ಲ. ರೋಗಿಗಳಿಗೆ ಸಂಕಟ ಜಾಸ್ತಿ, ಅದೇ ವಿಷಯ ತಲೆ ಕೊರೆಯೋದು ಜಾಸ್ತಿ. ಅಷ್ಟೇ. ಕಾಯಿಲೆ ಅನ್ನೋ ಮೊದಲು ಆ ಹೆಂಗಸಿಗೆ ಏನಾದರೂ ಸಂಕಟ ಇದೆಯಾ ಅಂತ ಕೇಳಬೇಕಿತ್ತು, ಅಲ್ವಾ?

ಇನ್ನು ಈ ಮೈಂಡ್‌ಫುಲ್‌ನೆಸ್. ಬೌದ್ಧ ಧ್ಯಾನದಿಂದ ತೆಗೆದು, 1979ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಝಿನ್ ಎಂಬವರು ಕೆಲವು ವಾರಗಳ ತರಬೇತಿಯಾಗಿ ಶುರುಮಾಡಿದ್ದು. ಬಂದ ಯೋಚನೆಯನ್ನು ಸರಿ-ತಪ್ಪು ಅನ್ನದೆ ಸುಮ್ನೆ ನೋಡಬೇಕು. ನಮ್ಮ ಗುರುಗಳಿಗೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಅದು ಆಗಲಿಲ್ಲ.

"ಮೂಢನಂಬಿಕೆಯಿಂದ ಎಷ್ಟು ಮನೆ ಹಾಳಾಗಿಲ್ಲ?" ಅಂತ ಕಾಮೆಂಟ್ ಹಾಕಲು ಹೊರಟಿರುತ್ತೀರಿ. ಗೊತ್ತು ಮಾರಾಯ್ರೆ. ಯಾರೋ ಮಾಟ ಮಾಡಿಸಿದ್ದಾರೆ ಅಂತ ಊಟ ನಿದ್ದೆ ಬಿಟ್ಟವರನ್ನು ಡಾಕ್ಟರ ಹತ್ತಿರವೇ ಕರೆದುಕೊಂಡು ಹೋಗಿ. ಕಾಯಿ ಒಡೆದು ಬಂದು, ಮೂವತ್ತು ಜನಕ್ಕೆ ಬಡಿಸಿ, ರಾತ್ರಿ ಗೊರಕೆ ಹೊಡೆಯುವವರಿಗೆ ಏನು ಚಿಕಿತ್ಸೆ ಕೊಡ್ತೀರಿ?

ದೇವರು ದಿಂಡರು ಅಂತ ನಾನು ತಲೆ ಕೆಡಿಸಿಕೊಂಡವನಲ್ಲ. ಆದರೂ ಕತ್ತಲಾದ ಮೇಲೆ ನಮ್ಮೂರ ಬನದ ಪಕ್ಕದ ಕಾಲುದಾರಿ ಬಿಟ್ಟು, ಸುತ್ತು ಹಾಕಿ ಡಾಂಬರು ರಸ್ತೆಯಲ್ಲೇ ಬರುತ್ತೇನೆ. ನಗೋರು ಒಂದು ಸಂಜೆ ಒಬ್ಬರೇ ಆ ದಾರೀಲಿ ನಡೆದು ಬನ್ನಿ. ಟಾರ್ಚ್ ಕೊಡಲ್ಲ.