ವಿಡಿಯೊ ಪಾಠವನ್ನು ಮನೆಗೆ ಕಳುಹಿಸಬೇಡಿ

ಫ್ಲಿಪ್ಡ್ ಕ್ಲಾಸ್‌ರೂಮ್ ಎಂಬ ಮಾತು ಈಗ ನಮ್ಮ ಶಿಕ್ಷಕರ ನಡುವೆಯೂ ಓಡಾಡುತ್ತಿದೆ. ಮಕ್ಕಳು ಪಾಠವನ್ನು ಮನೆಯಲ್ಲಿ ವಿಡಿಯೊ ನೋಡಿ ತಿಳಿದುಕೊಳ್ಳಬೇಕು, ಹೋಂವರ್ಕ್ ಎಂದು ಕೊಡುತ್ತಿದ್ದ ಅಭ್ಯಾಸವನ್ನು ತರಗತಿಯಲ್ಲಿ ಮಾಡಬೇಕು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಇದರ ಎರಡನೆಯ ಭಾಗ ತುಂಬಾ ಹಿಡಿಸಿದೆ. ತಕರಾರಿರುವುದು ಮೊದಲನೆಯದರ ಬಗ್ಗೆ.

ಇದಕ್ಕೆ ಹೆಸರು ತಂದವರು ಅಮೆರಿಕದ ಕೊಲೊರಾಡೊದ ವುಡ್‌ಲ್ಯಾಂಡ್ ಪಾರ್ಕ್ ಎಂಬ ಬೆಟ್ಟದೂರಿನ ರಸಾಯನಶಾಸ್ತ್ರ ಶಿಕ್ಷಕರಾದ ಜೊನಾಥನ್ ಬರ್ಗ್‌ಮನ್ ಮತ್ತು ಏರನ್ ಸ್ಯಾಮ್ಸ್. ಪಂದ್ಯಗಳಿಗೆಂದು ದೂರದೂರಿಗೆ ಹೋಗುವ ಮಕ್ಕಳಿಗೆ ಪಾಠ ತಪ್ಪುತ್ತಿತ್ತು. ಅದಕ್ಕಾಗಿ 2007ರಲ್ಲಿ ರೆಕಾರ್ಡ್ ಮಾಡತೊಡಗಿದರು. ಮನೆಯಲ್ಲಿ ಇಂಟರ್‌ನೆಟ್ ಇಲ್ಲದ ಮಕ್ಕಳಿಗೆ ಡಿವಿಡಿ ಮಾಡಿ ಕೊಡುತ್ತಿದ್ದರು. ಈ ಕೊನೆಯ ಸಂಗತಿಯನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ.

ಅವರು ಕಂಡುಕೊಂಡದ್ದು ಸರಳ: ಮಗುವಿಗೆ ಶಿಕ್ಷಕರು ಪಕ್ಕದಲ್ಲಿ ಬೇಕಾಗುವುದು ಲೆಕ್ಕ ಕೈಕೊಟ್ಟಾಗ. ಹತ್ತನೆಯ ತರಗತಿಯ ರಾಸಾಯನಿಕ ಸಮೀಕರಣವನ್ನೇ ನೋಡಿ. ಹೈಡ್ರೋಜನ್, ಆಕ್ಸಿಜನ್ ಸೇರಿ ನೀರು. ಎಡಗಡೆ ಆಕ್ಸಿಜನ್ ಪರಮಾಣು ಎರಡು, ಬಲಗಡೆ ಒಂದೇ. ಸರಿದೂಗಿಸಲು ಹೇಳಿದರೆ ಹುಡುಗಿ ನೀರಿನ ಸೂತ್ರದ ಕೊನೆಗೆ ಪುಟ್ಟದೊಂದು 2 ಬರೆದು "ಆಯಿತು ಮಿಸ್" ಎನ್ನುತ್ತಾಳೆ. ಎಣಿಕೆ ಸರಿಹೋಯಿತು, ನೀರು ಮಾತ್ರ ಹೈಡ್ರೋಜನ್ ಪೆರಾಕ್ಸೈಡ್ ಆಯಿತು! "ಇದನ್ನು ಕುಡಿಯುತ್ತೀಯಾ?" ಎಂದು ಕೇಳಿದರೆ ಬೆಚ್ಚಿ ಅಳಿಸುತ್ತಾಳೆ. ಆ 2ನ್ನು ಸೂತ್ರದ ಮುಂದೆ ಬರೆಯುತ್ತಾಳೆ. ಈಗ ಹೈಡ್ರೋಜನ್ ಹೆಚ್ಚಾಯಿತಲ್ಲ ಎಂದು ತಾನೇ ಗಮನಿಸಿ ಎಡಗಡೆಯನ್ನು ತಿದ್ದುತ್ತಾಳೆ. ಇದೇ ಹೋಂವರ್ಕ್ ಆಗಿದ್ದರೆ ಅಷ್ಟೂ ಸಮೀಕರಣಗಳನ್ನು ಅದೇ ತಪ್ಪಿನೊಂದಿಗೆ ಬರೆದು ತರುತ್ತಿದ್ದಳು. ಪಾಠ ಹೇಳುವುದರಲ್ಲೇ ಪೀರಿಯಡ್ ಮುಗಿದುಹೋದರೆ ಅವಳ ಪುಸ್ತಕ ನೋಡಲು ನನಗೆ ಹೊತ್ತೆಲ್ಲಿ?

ಆದರೆ ಆ ಹೊತ್ತು ಉಳಿಸಲು ವಿಡಿಯೊವನ್ನು ವಾಟ್ಸ್‌ಆ್ಯಪ್‌ಗೆ ಹಾಕಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಮನೆಯ ಮೊಬೈಲ್ ಹಗಲೆಲ್ಲಾ ಅಪ್ಪನ ಜೇಬಿನಲ್ಲಿರುತ್ತದೆ. ಸಂಜೆ ಬಂದರೆ ಮೊದಲು ಅಣ್ಣನ ಕೈಗೆ. ಪಾತ್ರೆ ತೊಳೆದು ಮುಗಿಸಿ ಕೂರುವ ತಂಗಿಗೆ ಸಿಗುವ ಹೊತ್ತಿಗೆ ಚಾರ್ಜ್ ಇರುವುದಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಯಾವ ಮಕ್ಕಳು ಹಿಂದೆ ಬಿದ್ದರು ಎಂಬುದನ್ನು ಇಷ್ಟು ಬೇಗ ಮರೆತೆವೇ?

ದಾರಿ ಇದೆ. ವಿಡಿಯೊವನ್ನು ಶಾಲೆಯಲ್ಲೇ ತೋರಿಸುವುದು. ಅರ್ಧ ಮಕ್ಕಳು ಕೋಣೆಯ ಒಂದು ಬದಿಯಲ್ಲಿ ಏಳೆಂಟು ನಿಮಿಷದ ಪಾಠ ನೋಡಲಿ, ಉಳಿದರ್ಧ ನನ್ನ ಸುತ್ತ ಕೂತು ಸಮಸ್ಯೆ ಬಿಡಿಸಲಿ, ಆಮೇಲೆ ಅದಲುಬದಲು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದರೆ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ವಿಡಿಯೊಗಳು ಸಿಗುತ್ತವೆ. ಆದರೂ ತಮ್ಮ ಟೀಚರ ದನಿಗೆ ಮಕ್ಕಳು ಕಿವಿಗೊಡುವ ರೀತಿಯೇ ಬೇರೆ, ಹಾಗಾಗಿ ನಾವೇ ಮಾಡಿದ್ದು ಮೇಲು.

ಮುಖ್ಯ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ: ವಾರಕ್ಕೊಮ್ಮೆಯಾದರೂ ವಿಜ್ಞಾನಕ್ಕೆ ಎರಡು ಪೀರಿಯಡ್ ಒಟ್ಟಿಗೆ ಕೊಡಿ. ಬೀಗ ಹಾಕಿಟ್ಟ ಸ್ಮಾರ್ಟ್ ಕ್ಲಾಸ್ ಕೋಣೆಯ ಕೀಲಿಯನ್ನು ಶಿಕ್ಷಕರ ಕೈಗೆ ಕೊಡಿ. ವಾಟ್ಸ್‌ಆ್ಯಪ್ ಗುಂಪಿಗೆ ಎಷ್ಟು ವಿಡಿಯೊ ಹಾಕಿದಿರಿ ಎಂದು ವರದಿ ಕೇಳುವುದನ್ನು ಮೊದಲು ನಿಲ್ಲಿಸಿ.