ಓದಿದವರ ಆಯಸ್ಸು ಗಟ್ಟಿನಾ?

ಪರ

ಮೊನ್ನೆ ಮಂಡ್ಯದ ಪೇಟೆ ಬೀದಿಯ ಮೆಡಿಕಲ್ ಸ್ಟೋರ್‌ನಲ್ಲಿ ನಿಂತಿದ್ದೆ. ಮುಂದಿದ್ದ ತಾಯಿ ಮಗುವಿನ ಜ್ವರದ ಸಿರಪ್ ತಗೊಂಡರು. ಬಾಟಲಿ ತಿರುಗಿಸಿ ತಾರೀಖು ನೋಡಿ, ‘ಇದು ಈ ತಿಂಗಳಿಗೇ ಮುಗಿಯುತ್ತೆ, ಬೇರೆ ಕೊಡಿ ಅಣ್ಣ’ ಎಂದರು. ಅಂಗಡಿಯವರು ಮಾತಾಡದೆ ಬೇರೆ ಕೊಟ್ಟರು. ಆಮೇಲೆ ಒಬ್ಬ ಅಜ್ಜಿ. ಕೈಯಲ್ಲಿ ಬಿಪಿ ಮಾತ್ರೆಯ ಖಾಲಿ ಪಟ್ಟಿ, ಅದೂ ಅರ್ಧ ಕತ್ತರಿಸಿದ್ದು. ಮಾತ್ರೆಯ ಹೆಸರು ಇನ್ನರ್ಧದ ಜೊತೆ ಹೋಗಿತ್ತು. ‘ಬೆಳ್ಳಗಿರ್ತದಲ್ಲ, ಅದು ಕೊಡಪ್ಪ.’ ಬೆಳ್ಳಗಿರೋ ಮಾತ್ರೆ ಅಂಗಡಿ ತುಂಬಾ ಇರುತ್ತವೆ ಅಲ್ವಾ? ಓದು ಬಂದಿದ್ದರೆ ಹೆಸರು ಅವರಿಗೇ ಗೊತ್ತಿರುತ್ತಿತ್ತು.

ಓದು ಅಂದರೆ ಬರೀ ಅಕ್ಷರ ಅಲ್ಲ. ಜನಸಂಖ್ಯಾ ತಜ್ಞ ಜಾನ್ ಕಾಲ್ಡ್‌ವೆಲ್ 1979ರಲ್ಲಿ ನೈಜೀರಿಯಾದ ತಾಯಂದಿರ ಬಗ್ಗೆ ಬರೆದರು. ತಾಯಿ ಶಾಲೆ ಕಂಡಿದ್ದ ಮನೆಗಳಲ್ಲಿ ಮಕ್ಕಳು ಸಾಯುವುದು ಕಡಿಮೆಯಿತ್ತು. ಗಂಡನ ಓದು, ಕೆಲಸ ಒಂದೇ ತೆರನಾಗಿದ್ದ ಮನೆಗಳನ್ನು ಹೋಲಿಸಿದರೂ ಅಷ್ಟೇ. ಶಾಲೆಗೆ ಹೋದವಳ ಮಾತಿಗೆ ಮನೆಯಲ್ಲಿ ತೂಕ ಬರುತ್ತೆ ಎನ್ನುವುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಮಗುವಿಗೆ ಭೇದಿ ಹಿಡಿದಾಗ ‘ನೀರು ಕುಡಿಸಬೇಡ, ಇನ್ನೂ ಜಾಸ್ತಿಯಾಗುತ್ತೆ’ ಅನ್ನುವ ಅತ್ತೆಯ ಎದುರೇ ಓಆರ್‌ಎಸ್ ಕದಡಿ ಕುಡಿಸಲು ಧೈರ್ಯ ಬೇಕು.

59 ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿಯೊಂದು 2024ರಲ್ಲಿ ಬಂತು. ಓದಿದ ಒಂದೊಂದು ವರ್ಷಕ್ಕೂ ದೊಡ್ಡವರ ಸಾವಿನ ಅಪಾಯ ಸುಮಾರು ಶೇ. 2ರಷ್ಟು ಕಡಿಮೆ ಎಂದಿತು. ಹತ್ತನೇ ಕ್ಲಾಸಿಗೇ ಮಗಳ ಶಾಲೆ ಬಿಡಿಸುವವರು ಈ ಲೆಕ್ಕವನ್ನೂ ಸ್ವಲ್ಪ ನೋಡಲಿ. ವಿಶ್ವೇಶ್ವರಯ್ಯನವರು ನೂರು ವರ್ಷ ದಾಟಿ ಬದುಕಿದ್ದನ್ನು ಮಾತ್ರ ನಾನು ಎಳೆದು ತರಲ್ಲ. ಒಬ್ಬರನ್ನು ತೋರಿಸಿ ಏನನ್ನೂ ಸಾಬೀತು ಮಾಡಕ್ಕಾಗಲ್ಲ.

ವಿರೋಧ

ಅವರು ವಿಶ್ವೇಶ್ವರಯ್ಯನವರನ್ನು ಬಿಟ್ಟರು. ನಾನೂ 94 ವರ್ಷ ಬದುಕಿದ ನಮ್ಮಜ್ಜಿಯನ್ನು ಬಿಡುತ್ತೇನೆ. ಕೊನೆಯವರೆಗೂ ಹೆಬ್ಬೆಟ್ಟೇ ಒತ್ತಿದರು ಅಂತಷ್ಟೇ ಹೇಳುತ್ತೇನೆ.

ಆ ಶೇ. 2ರಲ್ಲಿ ಓದಿನ ಪಾಲೆಷ್ಟು, ಸಂಬಳದ ಪಾಲೆಷ್ಟು? ಓದಿದವರಿಗೆ ಫ್ಯಾನ್ ಕೆಳಗೆ ಕೆಲಸ. ಕಬ್ಬು ಕಡಿಯುವವರಿಗೆ ಬಿಸಿಲು, ಒಂದು ದಿನ ಮಲಗಿದರೆ ಕೂಲಿ ಇಲ್ಲ. ಇನ್ನು ಚಿಕ್ಕಂದಿನಿಂದ ಕಾಯಿಲೆ ಬೀಳುತ್ತಿದ್ದ ಮಗು ಶಾಲೆ ಬಿಡುವುದೂ ಉಂಟು. ಅಲ್ಲಿ ಓದು ತಪ್ಪಿಸಿದ್ದು ಕಾಯಿಲೆ.

ಬ್ರಿಟನ್‌ನಲ್ಲಿ ಶಾಲೆ ಬಿಡುವ ವಯಸ್ಸನ್ನು 1947ರಲ್ಲಿ 14ರಿಂದ 15ಕ್ಕೆ, 1972ರಲ್ಲಿ 16ಕ್ಕೆ ಏರಿಸಿದರು. ಮನಸ್ಸಿಲ್ಲದವರೂ ಒಂದು ವರ್ಷ ಜಾಸ್ತಿ ಬೆಂಚಿನ ಮೇಲೆ ಕೂತರು. ಅವರ ಆಯಸ್ಸು ಬೆಳೆಯಿತಾ? ಡೇಮನ್ ಕ್ಲಾರ್ಕ್, ಹೆದರ್ ರೋಯರ್ ಎಂಬ ಅರ್ಥಶಾಸ್ತ್ರಜ್ಞರು 2013ರಲ್ಲಿ ಲೆಕ್ಕ ಹಾಕಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ನಮ್ಮ ಮೈಸೂರನ್ನೇ ನೋಡಿ. ಪ್ಲೇಗ್ ಬಡಿದ ಮೇಲೆ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಇಕ್ಕಟ್ಟಾದ ಕೇರಿಗಳ ಜಾಗದಲ್ಲಿ ಅಗಲದ ರಸ್ತೆ, ಚರಂಡಿ, ಹೊಸ ಬಡಾವಣೆ. ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂದಿದ್ದು ಹತ್ತು ವರ್ಷ ಬಿಟ್ಟು, 1913ರಲ್ಲಿ. ಮನೆಮುಂದಿನ ಚರಂಡಿಗೆ ಒಳಗಿರುವವರು ಓದಿದ್ದಾರೋ ಇಲ್ಲವೋ ಬೇಕಿಲ್ಲ.

ನನ್ನ ತಮ್ಮ ಎಂಜಿನಿಯರ್. ರಾತ್ರಿ ಪಾಳಿ, ಕೂತಲ್ಲೇ ಊಟ. 36ಕ್ಕೆ ಶುಗರ್ ಬಂತು. ಬಿಸ್ಕತ್ ಪೊಟ್ಟಣದ ಹಿಂದೆ ಸಕ್ಕರೆ ಎಷ್ಟಿದೆ ಅಂತ ಓದಕ್ಕೆ ಅವನಿಗೆ ಚೆನ್ನಾಗಿ ಬರುತ್ತೆ. ಓದಿಕೊಂಡೇ ತಿನ್ನುತ್ತಾನೆ.

ಇದಾದರೂ ನಗುವ ವಿಷಯ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಬೆಲ್ಲದ ಬದಲು ಸ್ಕ್ಯಾನಿಂಗ್ ನಡೆದಿದ್ದು ಗೊತ್ತಾಯಿತು, ಹೊಟ್ಟೆಯಲ್ಲಿರುವುದು ಹೆಣ್ಣಾ ಅಂತ ನೋಡಲು. ಆ ಜಾಲದಲ್ಲಿ ಸಿಕ್ಕಿಬಿದ್ದವರಲ್ಲಿ ಡಾಕ್ಟರುಗಳೂ ಇದ್ದರು. ಅವರಿಗಿಂತ ಜಾಸ್ತಿ ಓದಿದವರನ್ನು ಎಲ್ಲಿಂದ ತರೋಣ?

ಸಿರಪ್ ತಾರೀಖು ನೋಡಿದ ತಾಯಿಯ ಬಗ್ಗೆ ನನ್ನ ತಕರಾರಿಲ್ಲ. ನನ್ನ ಮಾತು ಆ ಅಜ್ಜಿಯದು. ಎಪ್ಪತ್ತು ದಾಟಿದವರನ್ನು ಈಗ ಶಾಲೆಗೆ ಕಳಿಸಬೇಕಿಲ್ಲ. ಹೋದ ಸಲ ಪಟ್ಟಿ ಕತ್ತರಿಸುವಾಗ ಹೆಸರಿರುವ ಅರ್ಧವನ್ನು ಅವರ ಕೈಗೆ ಕೊಟ್ಟಿದ್ದರೆ ಸಾಕಿತ್ತು.