ದೆವ್ವಕ್ಕೂ ಗೋಲ್ಡ್ ಕಾರ್ಡ್

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುವ ನಮ್ಮ ಪೆನ್ಷನ್ ಬಳಗಕ್ಕೆ ಹೋದ ವಾರ ಹೊಸ ವಿಷಯ ಸಿಕ್ಕಿತು. ರಾಯರ ಮಗ ಅಮೆರಿಕದಲ್ಲಿ ದುಡ್ಡು ಕೊಟ್ಟು ಒಂದು ಪಾಳು ಹುಚ್ಚಾಸ್ಪತ್ರೆಗೆ ಹೋಗಿ, ರಾತ್ರಿಯಿಡೀ ಟಾರ್ಚ್ ಹಿಡಿದು ದೆವ್ವ ಹುಡುಕಿದನಂತೆ.

"ಸಿಕ್ತಾ?" ಅಂದೆ.

"ನೆಗಡಿ ಸಿಕ್ತು" ಅಂದರು ರಾಯರು. ಮೊಬೈಲಿನಲ್ಲಿ ಫೋಟೋ ಬೇರೆ ತೋರಿಸಿದರು.

ಊರು ವೆಸ್ಟ್ ವರ್ಜೀನಿಯಾದ ವೆಸ್ಟನ್. ಆಸ್ಪತ್ರೆಗೆ ಮೊದಲ ರೋಗಿಗಳು ಬಂದದ್ದು 1864ರಲ್ಲಿ. ಗಾಳಿ, ಬೆಳಕು, ತೋಟ ಇದ್ದರೆ ಅರ್ಧ ಕಾಯಿಲೆ ವಾಸಿ ಅಂತ ಕಿರ್ಕ್‌ಬ್ರೈಡ್ ಅನ್ನುವ ಡಾಕ್ಟರು ಹೇಳಿದ್ದರು. ಅದನ್ನು ನಂಬಿ ಅರಮನೆಯಂಥ ಕಲ್ಲಿನ ಕಟ್ಟಡ ಎಬ್ಬಿಸಿದರು. 250 ಜನಕ್ಕೆ ಅಂತ ಲೆಕ್ಕ. 1950ರ ದಶಕದಲ್ಲಿ ಒಳಗಿದ್ದವರು 2400! ಜಂಬೂ ಸವಾರಿ ದಿನದ ಸಿಟಿ ಬಸ್ಸೇ ವಾಸಿ. ಅದರಿಂದ ಇಳಿಯಬಹುದು. ಜನ ಕಡಿಮೆ ಮಾಡಲು ಕಂಡ ಉಪಾಯವೂ ಭಾರಿಯೇ. 1952ರಲ್ಲಿ ವಾಲ್ಟರ್ ಫ್ರೀಮನ್ ಎಂಬ ಡಾಕ್ಟರು ಬಂದು, ಕಣ್ಣುಗುಡ್ಡೆಯ ಮೇಲಿಂದ ಕಡ್ಡಿ ತೂರಿಸಿ ಮೆದುಳಿನ ಎಳೆ ಕತ್ತರಿಸಿದರು. ಗಾಳಿ ಬೆಳಕಿನ ಕಥೆ ಅಲ್ಲಿಗೆ ಬಂತು.

1994ರಲ್ಲಿ ಬೀಗ. 2007ರಲ್ಲಿ ಹರಾಜು, 15 ಲಕ್ಷ ಡಾಲರಿಗೆ. ಈಗ ಟಿಕೆಟ್. ಲಂಡನ್ನಿನ ಬೆಥ್ಲೆಮ್ ಹುಚ್ಚಾಸ್ಪತ್ರೆಯಲ್ಲಿ 18ನೇ ಶತಮಾನದ ಜನ ಕಾಸು ಕೊಟ್ಟು ರೋಗಿಗಳನ್ನೇ ನೋಡಿ ನಗುತ್ತಿದ್ದರು. ಈಗಿನವರು ರೋಗಿ ಸಾಯುವ ತನಕವಾದರೂ ಕಾಯುತ್ತಾರೆ. ಸುಧಾರಣೆ ಅಲ್ವಾ?

"ನಮ್ಮ ಮೈಸೂರಲ್ಲೂ ಮಾಡಬಹುದು ಸ್ವಾಮಿ" ಎಂದರು ಹಿಂದೊಮ್ಮೆ ಇಂಜಿನಿಯರ್ ಆಗಿದ್ದವರು. ಕಷ್ಟ ಏನೆಂದರೆ ದೆವ್ವ ಸೇರಿಕೊಳ್ಳುವಷ್ಟು ದಿನ ಕಟ್ಟಡ ನಿಲ್ಲಬೇಕು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿಯಿತು. ಕೆಡವಬೇಕೋ, ರಿಪೇರಿ ಮಾಡಬೇಕೋ ಅಂತ ಆಮೇಲೆ ವರ್ಷಗಟ್ಟಲೆ ವಾದ ನಡೆಯಿತು. ಇಂಥ ಕಡೆ ಯಾವ ದೆವ್ವ ಧೈರ್ಯವಾಗಿ ಮನೆ ಮಾಡೀತು? ಆದರೂ ಚರ್ಚೆ ನಿಲ್ಲಲಿಲ್ಲ. ದಸರಾಕ್ಕೆ ದೆವ್ವ ದರ್ಶನ. ಗೋಲ್ಡ್ ಕಾರ್ಡ್ ಇದ್ದವರಿಗೆ ಮುಂದಿನ ಸಾಲು, ಪಾಸ್ ಇದ್ದವರಿಗೆ ಸುಮ್ನೆ ಕಿರುಚಾಟ ಮಾತ್ರ.

ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ನಮ್ಮ ಬಳಗದವರೊಬ್ಬರು ಎದ್ದರು. "ಮಂಗಳವಾರ ಬರಲ್ಲ, ಬೆಂಗಳೂರಿಗೆ ಹೋಗಬೇಕು. ತಮ್ಮನ ಮೊಣಕಾಲು ತೋರಿಸಬೇಕು."

ಆರು ವರ್ಷದಿಂದ ತಿಂಗಳಿಗೊಮ್ಮೆ ಅದೇ ಮೊಣಕಾಲು. ಬೆಂಗಳೂರಿನಲ್ಲಿ 1847ರಲ್ಲಿ ಶುರುವಾದ ಆಸ್ಪತ್ರೆ 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಆಯಿತು, 1974ರಲ್ಲಿ ನಿಮ್ಹಾನ್ಸ್ ಆಯಿತು. ನಮ್ಮ ಬಾಯಲ್ಲಿ ಮಾತ್ರ ಅದು ಮೊಣಕಾಲು, ಥೈರಾಯ್ಡ್, ಇಲ್ಲವೇ ಸೊಸೆಯ ತವರಿನ ಮದುವೆ.

"ಮೊಣಕಾಲಿಗೆ ಎಳ್ಳೆಣ್ಣೆ ಹಚ್ಚಿಸಿ" ಅಂದರು ಇಂಜಿನಿಯರು. ಅವರು "ಆಗಲಿ" ಅಂದು ಹೊರಟರು. ರಾಯರು ದೆವ್ವದ ಫೋಟೋವನ್ನು ಗ್ರೂಪಿಗೆ ಕಳಿಸಿದರು.